ಸಖಾಲ್ ಕಡಲತೀರದಲ್ಲಿ ಓಡುವವನು ಒಬ್ಬ, ಎದೆ ಬಡಿಯುವುದು ಇನ್ನೊಬ್ಬನದು



ಪ್ರತಿ ಸಲ ಬಿ.ಪಿ., ಕೊಲೆಸ್ಟರಾಲ್, ಉಪ್ಪು, ಎಣ್ಣೆ ಎಂದು ಬರೆಯುವ ನಾನು ಈ ಸಲ ನಿಮ್ಮನ್ನು ಒಂದು ಕಡಲತೀರಕ್ಕೆ ಕರೆದುಕೊಂಡು ಹೋಗುತ್ತೇನೆ. ಜುಹು, ಮರೀನಾ, ಮರವಂತೆ ನಿಮಗೆ ಗೊತ್ತು. ಇದರ ಹೆಸರು ಸಖಾಲ್. ಇದು ಇರುವುದು ಕಂಪ್ಯೂಟರ್ ಆಟದೊಳಗೆ. ನಿಮ್ಮ ಮನೆಯಲ್ಲಿ ರೂಮಿನ ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಏರಿಸಿಕೊಂಡು, 'ಊಟಕ್ಕೆ ಬಾರೋ' ಎಂದು ನಾಲ್ಕು ಸಲ ಕರೆದರೂ ಓಗೊಡದೆ ಕೂತ ಹುಡುಗ ಬಹುಶಃ ಈಗ ಅಲ್ಲಿಯೇ ಇದ್ದಾನೆ.

ಹೃದಯದ ಡಾಕ್ಟರಿಗೆ ಆಟದ ಉಸಾಬರಿ ಯಾಕೆ ಎಂದು ಕೇಳಬಹುದು. ಕಾರಣ ಇದೆ. ಲೇಖನದ ಮಧ್ಯದಲ್ಲಿ ಬರುವ ಒಂದು ವಿಷಯ ಬಹಳ ಅಪರೂಪದ್ದು, ಆದರೆ ಗೊತ್ತಿದ್ದರೆ ಒಂದು ಮಗುವಿನ ಜೀವ ಉಳಿಯಬಹುದು. ದಯವಿಟ್ಟು ಕೊನೆಯವರೆಗೂ ಓದಿ.

*ಏನಿದು ಸಖಾಲ್?*

ಡೇಝೀ ಎಂಬ ಆಟ ಶುರುವಾದದ್ದು 2012ರಲ್ಲಿ. ನ್ಯೂಜಿಲೆಂಡಿನ ಡೀನ್ ಹಾಲ್ ಎಂಬವರು ಬೇರೊಂದು ಯುದ್ಧದ ಆಟವನ್ನು ಮಾರ್ಪಡಿಸಿ ಇದನ್ನು ಮಾಡಿದರು. ನಂತರ ಝೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಕಂಪನಿ ಅದನ್ನು ಸ್ವತಂತ್ರ ಆಟವಾಗಿ ಬೆಳೆಸಿತು. ಪೂರ್ಣ ರೂಪದಲ್ಲಿ ಬಿಡುಗಡೆಯಾದದ್ದು 2018ರ ಡಿಸೆಂಬರಿನಲ್ಲಿ. ಅದರ ಮೂಲ ಮ್ಯಾಪ್ ಚೆರ್ನಾರಸ್ ಸುಮಾರು 225 ಚದರ ಕಿಲೋಮೀಟರಿನದು. ಝೆಕ್ ದೇಶದ ಉತ್ತರ ಭಾಗದ ನಿಜವಾದ ಗುಡ್ಡಬೆಟ್ಟಗಳನ್ನು ನೋಡಿಯೇ ಅದನ್ನು ಮಾಡಿದ್ದಾರೆ. ಆ ದೇಶಕ್ಕೆ ಸಮುದ್ರವೇ ಇಲ್ಲ. ಆಟದಲ್ಲಿ ಸಮುದ್ರವನ್ನು ಅವರೇ ತಂದು ಜೋಡಿಸಿದರು.

2024ರ ಅಕ್ಟೋಬರ್ 15ರಂದು ಫ್ರಾಸ್ಟ್‌ಲೈನ್ ಎಂಬ ಹೆಸರಿನಲ್ಲಿ ಹೊಸ ಮ್ಯಾಪ್ ಬಂತು. ಅದೇ ಸಖಾಲ್. ಹಿಮ ಮುಚ್ಚಿದ ದ್ವೀಪಗಳ ಗುಂಪು, ನಡುವೆ ಜ್ವಾಲಾಮುಖಿ, ಸುತ್ತ ಕೊರೆಯುವ ಸಮುದ್ರ. ರಷ್ಯಾದ ಪೂರ್ವ ತುದಿಯ ದ್ವೀಪಗಳನ್ನು ನೆನಪಿಸುವ ಪ್ರದೇಶ.

ಆಟದ ಕ್ರಮ ಹೀಗಿದೆ. ನೀವು ಕಡಲತೀರದಲ್ಲಿ ಹೆಚ್ಚುಕಡಿಮೆ ಬರಿಗೈಯಲ್ಲಿ ಕಣ್ಣು ಬಿಡುತ್ತೀರಿ. ನೀವು ಎಲ್ಲಿದ್ದೀರಿ ಎಂದು ತೋರಿಸುವ ಬಾಣದ ಗುರುತು ಇಲ್ಲ. ಮೈ ತಣ್ಣಗಾಗುತ್ತಾ ಹೋಗುತ್ತದೆ. ಬೆಂಕಿ ಹಚ್ಚಬೇಕು, ಬಟ್ಟೆ ಹುಡುಕಬೇಕು, ಮಂಜುಗಡ್ಡೆ ಕೊರೆದು ಮೀನು ಹಿಡಿಯಬೇಕು. ಜೇಬಿನಲ್ಲಿಟ್ಟ ಆಹಾರವೂ ಗಡ್ಡೆ ಕಟ್ಟುತ್ತದೆ, ಬೆಂಕಿಗೆ ಹಿಡಿದು ಕರಗಿಸಿ ತಿನ್ನಬೇಕು. ತೋಳಗಳಿವೆ, ಸೋಂಕು ತಗುಲಿದ ಮನುಷ್ಯರಿದ್ದಾರೆ. ಎಲ್ಲರಿಗಿಂತ ಅಪಾಯಕಾರಿ ಎಂದರೆ ಇತರ ಆಟಗಾರರು. ಎದುರಾದವನು ಬಿಸ್ಕತ್ತು ಕೊಡುತ್ತಾನೋ ಗುಂಡು ಹೊಡೆಯುತ್ತಾನೋ ತಿಳಿಯದು. ಸತ್ತರೆ ಗಳಿಸಿದ್ದೆಲ್ಲ ಹೋಯಿತು, ಮತ್ತೆ ಕಡಲತೀರದಿಂದ ಶುರು.

ನಿಮ್ಮಲ್ಲಿ ಬಹಳ ಮನೆಗಳಲ್ಲಿ ಆಡುವುದು ಮೊಬೈಲಿನ ಬಿಜಿಎಂಐ. ಅದರಲ್ಲಿ ಒಂದು ಸುತ್ತು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. 2023ರ ಮೇ ತಿಂಗಳಲ್ಲಿ ಅದು ಮತ್ತೆ ಭಾರತಕ್ಕೆ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಿದ್ದರು. ಡೇಝೀಯಲ್ಲಿ ಸುತ್ತು ಎಂಬುದೇ ಇಲ್ಲ, ತಡೆದು ನಿಲ್ಲಿಸುವ ಪಾಸ್ ಬಟನ್ನೂ ಇಲ್ಲ. ಯುರೋಪಿನಲ್ಲಿ ಇದಕ್ಕೆ 18 ವರ್ಷ ಮೇಲ್ಪಟ್ಟವರ ಆಟ ಎಂಬ ಗುರುತು ಇದೆ. ನಮ್ಮಲ್ಲಿ ಹದಿಮೂರು, ಹದಿನಾಲ್ಕು ವರ್ಷದವರೂ ಆಡುತ್ತಾರೆ.

*ಪರದೆಯ ಮೇಲೆ ಐದು ಗುರುತು*

ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ರಜೆಗೆ ಪುಣೆಗೆ ಬಂದಿದ್ದ. ಅವನ ಪಕ್ಕ ಕೂತು ಒಂದು ಸಂಜೆ ಪೂರ್ತಿ ಸಖಾಲ್ ನೋಡಿದೆ. ಪರದೆಯ ಮೂಲೆಯಲ್ಲಿ ಐದು ಚಿಕ್ಕ ಗುರುತುಗಳಿವೆ: ಬಾಯಾರಿಕೆ, ಹಸಿವು, ಮೈಬಿಸಿ, ರಕ್ತ, ಆರೋಗ್ಯ. ಯಾವುದು ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂದು ಬಾಣ ತೋರಿಸುತ್ತದೆ. ಆಟದೊಳಗೆ ರಕ್ತದ ಗುಂಪು ಕೂಡ ಇದೆ. ತಪ್ಪು ಗುಂಪಿನ ರಕ್ತ ಏರಿಸಿದರೆ ಆಟಗಾರ ಸಾಯಬಹುದು. ವೈದ್ಯನಾಗಿ ನನಗೆ ಇದು ಮೆಚ್ಚುಗೆಯಾಯಿತು.

ಹುಡುಗ ಆ ಐದು ಗುರುತುಗಳನ್ನು ಎಷ್ಟು ಶ್ರದ್ಧೆಯಿಂದ ಕಾಯುತ್ತಿದ್ದ ಅಂದರೆ, ನಮ್ಮ ಐಸಿಯು ಸಿಸ್ಟರ್‌ಗಳು ಮಾನಿಟರ್ ನೋಡುವುದು ನೆನಪಾಯಿತು. ಬಾಯಾರಿಕೆ ಕೆಂಪಾಗುವ ಮೊದಲೇ ನೀರು ಕುಡಿಸುತ್ತಾನೆ. ಮೈ ತಣ್ಣಗಾಗುವ ಮೊದಲೇ ಬೆಂಕಿ ಹುಡುಕುತ್ತಾನೆ. ಅವನ ಪಕ್ಕದಲ್ಲಿದ್ದ ಸ್ಟೀಲ್ ಲೋಟದ ನೀರು ಮಾತ್ರ ಸಂಜೆಯಿಂದ ಹಾಗೆಯೇ ಇತ್ತು. ನನ್ನ ಅಕ್ಕ ಇಟ್ಟುಹೋದ ಚುರುಮುರಿ ಮೆತ್ತಗಾಗಿತ್ತು.

ಸಮುದ್ರದ ದಂಡೆಯಲ್ಲಿ ಒಂದು ಪಾಳುಮನೆ ಹೊಕ್ಕ. ಹೊರಗೆ ಹಿಮದ ಮೇಲೆ ಯಾರದೋ ಹೆಜ್ಜೆ ಸಪ್ಪಳ. ಹುಡುಗ ಉಸಿರು ಹಿಡಿದ. ನಾನು ಏನೋ ಕೇಳಹೊರಟರೆ, 'ಮಾಮಾ, ಒಂದ್ ನಿಮಿಷ ಸುಮ್ನಿರು' ಅಂದ. ಅವನ ಮಣಿಕಟ್ಟು ಹಿಡಿದು ನಾಡಿ ಎಣಿಸಿದೆ. ಅರ್ಧ ಗಂಟೆ ಮೊದಲು ನಿಮಿಷಕ್ಕೆ 76 ಇದ್ದದ್ದು ಈಗ 118. ಕುರ್ಚಿಯಿಂದ ಎದ್ದೇ ಇರಲಿಲ್ಲ.

*ಒಳಗೆ ಏನಾಗುತ್ತದೆ?*

ನಮ್ಮ ಮೆದುಳಿಗೆ ನಿಜವಾದ ಹುಲಿ ಯಾವುದು, ಪರದೆಯ ಮೇಲಿನ ಹುಲಿ ಯಾವುದು ಎಂಬ ವ್ಯತ್ಯಾಸ ಆ ಕ್ಷಣಕ್ಕೆ ಅಷ್ಟಾಗಿ ತಿಳಿಯುವುದಿಲ್ಲ. ಅಪಾಯ ಅನ್ನಿಸಿದರೆ ಸಾಕು, ಮೂತ್ರಪಿಂಡಗಳ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ. ಎದೆಬಡಿತ ಏರುತ್ತದೆ, ಬಿ.ಪಿ. ಏರುತ್ತದೆ, ಅಂಗೈ ಬೆವರುತ್ತದೆ. ದೇಹ ಓಡಲು ಸಿದ್ಧವಾಗುತ್ತದೆ. ಓಡುವವನು ಮಾತ್ರ ಸಖಾಲ್‌ನಲ್ಲಿರುವ ಗೊಂಬೆ. ಕೂತವನು ನಮ್ಮ ಹುಡುಗ.

ಆರೋಗ್ಯವಂತ ಹೃದಯಕ್ಕೆ ಇದರಿಂದ ಏನೂ ಆಗುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳುತ್ತಿದ್ದೇನೆ, ಯಾರೂ ಗಾಬರಿಯಾಗಬೇಡಿ. ಕ್ರಿಕೆಟ್ ಮ್ಯಾಚಿನ ಕೊನೆಯ ಓವರ್ ನೋಡುವಾಗಲೂ ನಮ್ಮೆಲ್ಲರ ಎದೆ ಹೀಗೆಯೇ ಬಡಿಯುತ್ತದೆ. ಆದರೆ ಎರಡು ಬಗೆಯ ಜನರಿಗೆ ಈ ಅಡ್ರಿನಲಿನ್ ಹೊಡೆತ ಅಪಾಯ ತರಬಹುದು.

ಮೊದಲನೆಯವರು, ಹೃದಯದ ರಕ್ತನಾಳ ಈಗಾಗಲೇ ಕಿರಿದಾಗಿರುವ ದೊಡ್ಡವರು. 2006ರ ಫುಟ್‌ಬಾಲ್ ವಿಶ್ವಕಪ್ ವೇಳೆ ಜರ್ಮನಿಯ ಮ್ಯೂನಿಕ್ ಸುತ್ತಮುತ್ತ ನಡೆದ ಅಧ್ಯಯನದಲ್ಲಿ, ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು 2.66 ಪಟ್ಟು ಹೆಚ್ಚಾಗಿದ್ದವು. ಅವರೂ ಕೂತು ನೋಡುತ್ತಿದ್ದವರೇ. ಆದ್ದರಿಂದ ಆಫೀಸು ಮುಗಿಸಿ ಬಂದು ರಾತ್ರಿ ಎರಡು ಗಂಟೆಯವರೆಗೆ ಆಡುವ, ಬಿ.ಪಿ. ಇದ್ದೂ ಮಾತ್ರೆ ಬಿಟ್ಟಿರುವ ನಲವತ್ತರ ಅಪ್ಪಂದಿರೇ, ನಿಮಗೂ ಇದು ಅನ್ವಯ. ಆಡುವಾಗ ಎದೆ ಬಿಗಿದರೆ, ಎಡತೋಳು ಅಥವಾ ದವಡೆ ಸೆಳೆದರೆ, ಅದನ್ನು ಗ್ಯಾಸ್ ಎಂದು ತಳ್ಳಿಹಾಕಬೇಡಿ.

ಎರಡನೆಯವರು ಮಕ್ಕಳು. ಎಲ್ಲ ಮಕ್ಕಳಲ್ಲ, ಬಹಳ ಕೆಲವರು. ಅವರ ಬಗ್ಗೆ ಹೇಳಲೆಂದೇ ಈ ಲೇಖನ.

*ಆಡುತ್ತ ಆಡುತ್ತ ಬಿದ್ದ ಹುಡುಗರು*

2022ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಮಕ್ಕಳ ಹೃದ್ರೋಗ ತಜ್ಞರು 'ಹಾರ್ಟ್ ರಿದಮ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ವಿಡಿಯೋ ಗೇಮ್ ಆಡುತ್ತಿರುವಾಗಲೇ ಎಚ್ಚರ ತಪ್ಪಿ ಬಿದ್ದ ಮಕ್ಕಳ ಪ್ರಕರಣಗಳನ್ನು ಬೇರೆ ಬೇರೆ ಕಡೆಗಳಿಂದ ಅವರು ಕಲೆಹಾಕಿದ್ದರು. ಸಿಕ್ಕಿದ್ದು 22. ಹೆಚ್ಚಿನವರು ಹುಡುಗರು. ಕೆಲವರು ಬದುಕಲಿಲ್ಲ. ಹೆಚ್ಚು ಬಾರಿ ಕಾರಣವಾದದ್ದು ಹಲವರು ಒಟ್ಟಿಗೆ ಆಡುವ ಯುದ್ಧದ ಆಟಗಳು.

ಈ ಮಕ್ಕಳಲ್ಲಿ ಬಹುಪಾಲು ಮಂದಿಗೆ ಹುಟ್ಟಿನಿಂದಲೇ ಹೃದಯದ ವಿದ್ಯುತ್ ವ್ಯವಸ್ಥೆಯಲ್ಲಿ ಒಂದು ದೋಷ ಇತ್ತು. ಹೃದಯದ ಆಕಾರ ಸರಿ, ಕವಾಟ ಸರಿ, ರಕ್ತನಾಳ ಸರಿ. ಮನೆಯ ಗೋಡೆ ಗಟ್ಟಿಯಿದ್ದು ಒಳಗಿನ ವೈರಿಂಗ್ ಮಾತ್ರ ಕೆಟ್ಟ ಹಾಗೆ. ಇದರಲ್ಲಿ ಎರಡು ಮುಖ್ಯ ಕಾಯಿಲೆಗಳು. ಒಂದು ಸಿಪಿವಿಟಿ. ಇದರಲ್ಲಿ ಅಡ್ರಿನಲಿನ್ ಏರಿದೊಡನೆ ಹೃದಯದ ಜೀವಕೋಶಗಳೊಳಗೆ ಕ್ಯಾಲ್ಸಿಯಂ ಸೋರಿ, ಬಡಿತ ದಾರಿ ತಪ್ಪುತ್ತದೆ. ಇನ್ನೊಂದು ಲಾಂಗ್ ಕ್ಯೂಟಿ. ಇದರಲ್ಲಿ ಪ್ರತಿ ಬಡಿತದ ನಂತರ ಹೃದಯ ಮುಂದಿನ ಬಡಿತಕ್ಕೆ ಅಣಿಯಾಗಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಎರಡರಲ್ಲೂ ಬಡಿತ ಒಮ್ಮೆಲೇ ಹದ ತಪ್ಪಿದರೆ ಮೆದುಳಿಗೆ ರಕ್ತ ನಿಂತು ಮಗು ಕುಸಿಯುತ್ತದೆ. ಕಾಯಿಲೆ ಆಟದಿಂದ ಬಂದದ್ದಲ್ಲ. ಅದು ಮೊದಲೇ ಇತ್ತು, ಆಟ ಅದನ್ನು ಹೊರಗೆ ತೋರಿಸಿತು.

*ಊರಿಗೆ ಮಾಡಿದ ಒಂದು ಫೋನು*

ಗುರುತು ಸಿಗದಂತೆ ವಿವರ ಬದಲಿಸಿ ಒಂದು ಪ್ರಸಂಗ ಹೇಳುತ್ತೇನೆ. ಧಾರವಾಡ ಕಡೆಯಿಂದ ಬಂದು ನೆಲೆಸಿದ ಕುಟುಂಬ. ಹದಿನಾಲ್ಕರ ಮಗ ಗುಂಡಿನ ಆಟದ ನಡುವೆ ಕುರ್ಚಿಯಿಂದ ಹಾಗೆಯೇ ಜಾರಿ ಬಿದ್ದ. ಕೈಕಾಲು ಎರಡು ಸಲ ಅದುರಿದವು. ಅಜ್ಜಿ ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಒಂದು ನಿಮಿಷದಲ್ಲಿ ಹುಡುಗ ಎದ್ದು ಕೂತ. ತಾಯಿ ನನ್ನೆದುರು ಹೇಳಿದ್ದು ಇಷ್ಟೇ: 'ರಾತ್ರಿಯೆಲ್ಲಾ ನಿದ್ದಿಗೆಟ್ಟು ಆಡ್ತಾನ್ರೀ ಡಾಕ್ಟ್ರ, ಅದಕ್ಕ ಚಕ್ಕರ್ ಬಂದೈತಿ. ನೀವರ ಬೈರಿ ಅವಗ.'

ಬೈಯುವುದು ಆಮೇಲೆ ಎಂದು ಇಸಿಜಿ ತೆಗೆಸಿದೆ. ಸರಿ ಇತ್ತು. ಎಕೋ ಕೂಡ ಸರಿ ಇತ್ತು. ನಂತರ ಕೇಳಿದೆ, 'ನಿಮ್ಮ ಎರಡೂ ಮನೆತನದಾಗ ಸಣ್ಣ ವಯಸ್ಸಿನಾಗ ಯಾರರ ಇದ್ದಕ್ಕಿದ್ದಂಗ ತೀರಿಕೊಂಡಾರೇನು?' ಇಬ್ಬರೂ ಇಲ್ಲ ಎಂದರು. 'ಊರಿಗೆ ಫೋನ್ ಹಚ್ಚಿ ಹಿರಿಯರನ್ನ ಕೇಳ್ರಿ' ಎಂದೆ. ಮರುದಿನ ಉತ್ತರ ಬಂತು. ತಾಯಿಯ ಸೋದರಮಾವ ಒಬ್ಬ ಹದಿನೇಳನೆಯ ವಯಸ್ಸಿಗೆ ಊರ ಕೆರೆಯಲ್ಲಿ ಮುಳುಗಿ ಸತ್ತಿದ್ದ. ಚೆನ್ನಾಗಿ ಈಜು ಬರುತ್ತಿದ್ದ ಹುಡುಗ. ಕೆರೆ ಬಲಿ ತೆಗೆದುಕೊಂಡಿತು ಎಂದು ಊರವರು ಮಾತಾಡಿದ್ದರು. ಆಮೇಲೆ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಈಜುವಾಗ ಕುಸಿಯುವುದು ಈ ಕಾಯಿಲೆಗಳ ಒಂದು ಮುಖ್ಯ ಲಕ್ಷಣ. ತುರ್ತು ಸಲಕರಣೆಗಳನ್ನೆಲ್ಲ ಪಕ್ಕದಲ್ಲಿಟ್ಟುಕೊಂಡು ಹುಡುಗನಿಗೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿದೆವು. ಬಡಿತ ಏರಿದಂತೆ ಸಿಪಿವಿಟಿಯ ಗುರುತು ಕಾಣಿಸಿಕೊಂಡಿತು. ಕೂತಾಗ ತೆಗೆದ ಇಸಿಜಿ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿಯೇ ಇರುತ್ತದೆ, ಇದನ್ನು ನೆನಪಿಡಿ. ಬೀಟಾ ಬ್ಲಾಕರ್ ಮಾತ್ರೆ ಶುರುವಾಯಿತು. ಅವನ ತಂಗಿಯನ್ನೂ ತಾಯಿಯನ್ನೂ ಪರೀಕ್ಷಿಸಿದೆವು. ಕೆಲವರಿಗೆ ಇನ್ನೊಂದು ಮಾತ್ರೆ, ಕೆಲವರಿಗೆ ಎದೆಯೊಳಗೆ ಐಸಿಡಿ ಎಂಬ ಪುಟ್ಟ ಯಂತ್ರ ಬೇಕಾಗುತ್ತದೆ. ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು. ಊರಿಗೆ ಜಾತ್ರೆಗೆ, ಮದುವೆಗೆ ಹೋದಾಗ ಮೊದಲು ಚೀಲಕ್ಕೆ ಸೇರಬೇಕಾದದ್ದು ಅದೇ.

ವಲಸೆ ಬಂದ ನಮ್ಮಂಥವರಿಗೆ ಇಲ್ಲಿ ಒಂದು ವಿಶೇಷ ತೊಂದರೆ ಇದೆ. ಮನೆದೇವರ ಹೆಸರು, ಹೋಳಿಗೆ ಮಾಡುವ ಹದ, ಎಲ್ಲವನ್ನೂ ನಾವು ಜೊತೆಗೆ ತಂದೆವು. ಮನೆತನದ ಸಾವುಗಳ ಕತೆಯನ್ನು ಊರಲ್ಲೇ ಬಿಟ್ಟು ಬಂದೆವು. ಮುಂಬೈ, ಚೆನ್ನೈ, ದೆಹಲಿಯ ಡಾಕ್ಟರ್ ಕೇಳಿದರೆ ಮಕ್ಕಳಿಗೆ ಗೊತ್ತಿಲ್ಲ, ಎಷ್ಟೋ ಸಲ ನಮಗೂ ಗೊತ್ತಿಲ್ಲ. ಗೊತ್ತಿರುವ ಅಜ್ಜ, ಅಜ್ಜಿ, ದೊಡ್ಡಪ್ಪ, ಸೋದರತ್ತೆ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. 40 ವರ್ಷಕ್ಕೆ ಮೊದಲು ಇದ್ದಕ್ಕಿದ್ದಂತೆ ಸತ್ತವರು, ಈಜು ಬಂದರೂ ಮುಳುಗಿದವರು, ಓಡುವಾಗ ಬಿದ್ದವರು, 'ಫಿಟ್ಸ್' ಎಂದು ಹೇಳಿಸಿಕೊಂಡು ಔಷಧಕ್ಕೆ ಬಗ್ಗದವರು: ಈ ನಾಲ್ಕನ್ನು ಕೇಳಿ. ಸೋದರಮಾವನ ಜೊತೆ ಅಥವಾ ಅತ್ತೆ ಮಗನ ಜೊತೆ ಮದುವೆಯಾದ ಮನೆತನವಾದರೆ ಇನ್ನೂ ಮುಖ್ಯ, ಏಕೆಂದರೆ ಇಂಥ ಕೆಲವು ದೋಷಗಳು ತಂದೆ-ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಹುಟ್ಟಿನಿಂದ ಕಿವಿ ಕೇಳದ ಮಗು ಎಚ್ಚರ ತಪ್ಪಿದರೆ ಇಸಿಜಿ ಮಾಡಿಸಲೇಬೇಕು; ಲಾಂಗ್ ಕ್ಯೂಟಿಯ ಒಂದು ಬಗೆಯಲ್ಲಿ ಎರಡೂ ಒಟ್ಟಿಗೆ ಬರುತ್ತವೆ.

*ಯಾವ ಚಕ್ಕರ್ ಸಾಮಾನ್ಯ, ಯಾವುದು ಅಲ್ಲ?*

▪️ ಬಿಸಿಲಲ್ಲಿ ಬಹಳ ಹೊತ್ತು ನಿಂತಾಗ, ರಕ್ತ ಕಂಡಾಗ, ಹೊಟ್ಟೆ ತೊಳಸಿ, ಬೆವರಿ, ಕಣ್ಣು ಕತ್ತಲಾಗಿ ಬೀಳುವುದು ಸಾಮಾನ್ಯವಾಗಿ ಅಪಾಯದ್ದಲ್ಲ.
▪️ ಓಡುವಾಗ, ಈಜುವಾಗ, ಆಟದ ರೋಚಕ ಕ್ಷಣದಲ್ಲಿ, ಹೆದರಿದಾಗ, ಜೋರಾದ ಸದ್ದಿಗೆ ಬೆಚ್ಚಿದಾಗ ಬೀಳುವುದು ಅಪಾಯದ ಸೂಚನೆ.
▪️ ಕೂತಲ್ಲೇ ಅಥವಾ ಮಲಗಿದಲ್ಲೇ, ಯಾವ ಮುನ್ಸೂಚನೆಯೂ ಇಲ್ಲದೆ ಎಚ್ಚರ ತಪ್ಪುವುದು ಅಪಾಯದ ಸೂಚನೆ.
▪️ ಎದೆ ಡವಡವ ಎಂದು ಹೊಡೆದುಕೊಂಡ ಮೇಲೆ ಬೀಳುವುದು ಅಪಾಯದ ಸೂಚನೆ.

ಪರದೆಯ ಮಿನುಗುವ ಬೆಳಕಿಗೆ ನಿಜವಾದ ಮೂರ್ಛೆರೋಗವೂ ಕೆಲವರಲ್ಲಿ ಬರುತ್ತದೆ. ಅದನ್ನು ನರರೋಗ ತಜ್ಞರು ನೋಡಲಿ, ಆದರೆ ಜೊತೆಗೆ ಒಂದು ಇಸಿಜಿ ಕೇಳಿ ಮಾಡಿಸಿ. ದುಬಾರಿ ಪರೀಕ್ಷೆಯಲ್ಲ, ಹತ್ತು ನಿಮಿಷದ ಕೆಲಸ. ಅದು ಸರಿ ಇದ್ದರೂ ಬಿದ್ದ ಸಂದರ್ಭ ಮೇಲಿನಂತಿದ್ದರೆ ಹೃದ್ರೋಗ ತಜ್ಞರನ್ನು ಕಾಣಿ. ಪರೀಕ್ಷೆ ಮುಗಿಯುವವರೆಗೆ ಈಜು ಬೇಡ, ಇಂಥ ಆಟವೂ ಬೇಡ.

*ಕಣ್ಣೆದುರೇ ಬಿದ್ದರೆ*

ಭುಜ ತಟ್ಟಿ ಕರೆಯಿರಿ. ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ 112 ಅಥವಾ 108ಕ್ಕೆ ಒಬ್ಬರು ಫೋನ್ ಮಾಡಲಿ. ಇನ್ನೊಬ್ಬರು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಸುಮಾರು 5 ಸೆಂಟಿಮೀಟರ್ ಒಳಗೆ ಹೋಗುವಂತೆ ಒತ್ತಿ. ಬಾಯಿಂದ ಉಸಿರು ಕೊಡಲು ಕಲಿತವರು 30 ಒತ್ತಿಗೆ 2 ಉಸಿರು ಕೊಡಿ. ಕಲಿಯದವರು ಒತ್ತುತ್ತಲೇ ಇರಿ. ನಿಮ್ಮ ಸೊಸೈಟಿಯಲ್ಲಿ ಅಥವಾ ಹತ್ತಿರದ ಮಾಲ್, ಮೆಟ್ರೋ ನಿಲ್ದಾಣದಲ್ಲಿ ಎಇಡಿ ಯಂತ್ರ ಇದ್ದರೆ ತರಿಸಿ. ಅದೇ ಮಾತಾಡಿ ದಾರಿ ತೋರಿಸುತ್ತದೆ. ಉಳ್ಳಾಗಡ್ಡಿ, ಚಪ್ಪಲಿ, ಕೈಯಲ್ಲಿ ಕಬ್ಬಿಣ ಕೊಡುವುದು, ಬಾಯಿಗೆ ನೀರು ಬಿಡುವುದು, ಇವು ಯಾವುವೂ ಬೇಡ.

*ಆಡುವವರಿಗೂ ಆಡಿಸುವವರಿಗೂ*

ಆಟ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಊರು ಬಿಟ್ಟ ಮಕ್ಕಳಿಗೆ ಬಯಲಿಲ್ಲ, ಕೆರೆಯಿಲ್ಲ, ಓಣಿಯಿಲ್ಲ. ಹೊಸ ದ್ವೀಪವನ್ನು ಗೆಳೆಯರೊಡನೆ ಸುತ್ತುವ ಸಂತೋಷ ಸುಳ್ಳಲ್ಲ. ಆದರೆ ಕೆಲವು ಪದ್ಧತಿ ಇಟ್ಟುಕೊಳ್ಳಿ.

1️⃣ ಗೊಂಬೆ ನೀರು ಕುಡಿದಾಗ ನೀವೂ ಕುಡಿಯಿರಿ. ಗೊಂಬೆ ಬೆಂಕಿ ಕಾಯಿಸಿಕೊಳ್ಳುವಾಗ ನೀವು ಎದ್ದು ಹತ್ತು ಹೆಜ್ಜೆ ನಡೆಯಿರಿ. ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂತರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಕಂಪ್ಯೂಟರ್ ಮುಂದೆ ಬಹಳ ಹೊತ್ತು ಕೂತವನಲ್ಲಿ ಹೀಗಾದದ್ದನ್ನು ನ್ಯೂಜಿಲೆಂಡಿನ ವೈದ್ಯರು 2003ರಲ್ಲೇ ವರದಿ ಮಾಡಿದ್ದಾರೆ.

2️⃣ ಎನರ್ಜಿ ಡ್ರಿಂಕ್ ಮಕ್ಕಳಿಗೆ ಬೇಡ. ನಮ್ಮ ದೇಶದ ನಿಯಮದಲ್ಲಿ ಅದಕ್ಕೆ ಲೀಟರಿಗೆ 300 ಮಿಲಿಗ್ರಾಂ ಕೆಫೀನ್ ಮಿತಿ. ಮಕ್ಕಳಿಗಲ್ಲ ಎಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಅಡ್ರಿನಲಿನ್ ಮೇಲೆ ಕೆಫೀನ್ ಸುರಿಯುವುದು ಉರಿಗೆ ತುಪ್ಪ ಹಾಕಿದಂತೆ.

3️⃣ 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಮಲಗುವ ಒಂದು ಗಂಟೆ ಮೊದಲು ಗುಂಡಿನ ಸದ್ದು ನಿಲ್ಲಲಿ.

4️⃣ ತಂದೆ-ತಾಯಿಗಳೇ, ಪ್ಲಗ್ ಕಿತ್ತು ಜಗಳ ಮಾಡಬೇಡಿ. ಈ ಆಟದಿಂದ ಸರಿಯಾಗಿ ಹೊರಬರಲು ಸುರಕ್ಷಿತ ಜಾಗ ಹುಡುಕಿ ಕೆಲವು ಕ್ಷಣ ಕಾಯಬೇಕು. 'ಇನ್ನು ಹದಿನೈದು ನಿಮಿಷ, ಅಷ್ಟರೊಳಗೆ ಎಲ್ಲಾದರೂ ಅಡಗಿಕೊಂಡು ಹೊರಗೆ ಬಾ' ಎಂದು ಹೇಳಿ ನೋಡಿ. ಆಟದ ಭಾಷೆ ನಿಮಗೆ ಬರುತ್ತದೆ ಎಂದು ತಿಳಿದರೆ ಮಗ ಅರ್ಧ ಸೋತಂತೆಯೇ.

5️⃣ ಊಟ, ಓದು, ನಿದ್ದೆ, ಸ್ನೇಹ ಎಲ್ಲವನ್ನೂ ಆಟ ನುಂಗುತ್ತಿದ್ದರೆ ಮನೋವೈದ್ಯರ ಸಲಹೆ ಪಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ಕಾಯಿಲೆಗಳ ಪಟ್ಟಿಯಲ್ಲಿ ಇದಕ್ಕೆ ಹೆಸರಿದೆ, ಚಿಕಿತ್ಸೆಯೂ ಇದೆ. ನಾಚಿಕೆಯ ವಿಷಯವಲ್ಲ.

ಸಖಾಲ್‌ನಲ್ಲಿ ಸತ್ತವನು ಮತ್ತೆ ಕಡಲತೀರದಲ್ಲಿ ಕಣ್ಣು ಬಿಡುತ್ತಾನೆ. ನಮ್ಮ ಮನೆಯ ಹುಡುಗನಿಗೆ ಆ ಸೌಕರ್ಯವಿಲ್ಲ. ಆದ್ದರಿಂದ ಆಟದ ರೋಚಕ ಕ್ಷಣದಲ್ಲಿ ಮಗು ಬಿದ್ದರೆ 'ನಿದ್ದೆಗೆಟ್ಟದ್ದಕ್ಕೆ' ಎಂದು ಸುಮ್ಮನಾಗಬೇಡಿ, ಇಸಿಜಿ ಮಾಡಿಸಿ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಮಳೆ-ಬೆಳೆಯ ಜೊತೆ ಆ ನಾಲ್ಕು ಪ್ರಶ್ನೆಗಳನ್ನೂ ಕೇಳಿ.

— ಹೃದ್ರೋಗ ತಜ್ಞ, ಎಂ.ಡಿ., ಪುಣೆ

_ಈ ಬರಹ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಪರೀಕ್ಷೆ, ಚಿಕಿತ್ಸೆಗೆ ನಿಮ್ಮ ವೈದ್ಯರನ್ನೇ ಕಾಣಿ. ಆಡುವ ಮಕ್ಕಳಿರುವ ಮನೆಗಳಿಗೆ ದಯವಿಟ್ಟು ಕಳಿಸಿ._ 🙏